ಎಕ್ಸ್‌ಕವೇಟರ್ ಬಕೆಟ್‌ಗೆ ಹಲ್ಲು ಬಿಗಿಯುವುದು: ಮೂತಿ ಸರಿಯಿದ್ದರೆ ಪಿನ್ ನಿಲ್ಲುತ್ತದೆ

ಹೊಸ ಹಲ್ಲು ಹಾಕಿ ಎರಡೇ ದಿನಕ್ಕೆ ಉದುರಿತು ಎಂದರೆ ಎಲ್ಲರೂ ಮೊದಲು ಬೈಯುವುದು ಪಿನ್ನನ್ನು. ಬಹಳ ಸಲ ಪಿನ್ನಿನದು ಏನೂ ತಪ್ಪಿರುವುದಿಲ್ಲ. ಅಗೆಯುವಾಗ ಬೀಳುವ ಭಾರವನ್ನು ಹೊರುವುದು ಬಕೆಟ್ ಅಂಚಿಗೆ ವೆಲ್ಡ್ ಆಗಿರುವ ಅಡಾಪ್ಟರಿನ ಮೂತಿ, ಅಂದರೆ ಹಲ್ಲಿನ ಒಳಗೆ ತೂರಿ ಕೂರುವ ಇಳಿಜಾರಿನ ಮುಂಭಾಗ. ಬಕೆಟ್ ಮಣ್ಣಿಗೆ ನುಗ್ಗಿದಾಗ ಹಲ್ಲು ಹಿಂದಕ್ಕೆ ಒತ್ತಿಕೊಂಡು ಮೂತಿಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕೆಳಗಿನಿಂದ ಕಲ್ಲು ಎತ್ತಿದರೆ ಆ ಒತ್ತಡ ಮೂತಿಯ ಮೇಲಿನ, ಕೆಳಗಿನ ಚಪ್ಪಟೆ ಮುಖಗಳಿಗೆ ಹೋಗುತ್ತದೆ. ಬಕೆಟ್ ಹಿಂದಕ್ಕೆ ಸರಿಯುವಾಗ ಬಂಡೆಯ ಸಂದಿಗೆ ಸಿಕ್ಕಿದ ಹಲ್ಲು ಕಳಚಿ ಅಲ್ಲೇ ಉಳಿಯದಂತೆ ಹಿಡಿದುಕೊಳ್ಳುವುದಷ್ಟೇ ಪಿನ್ನಿನ ಕೆಲಸ. ಮೂತಿ ಸವೆದು ಹಲ್ಲು ಅಲ್ಲಾಡತೊಡಗಿದರೆ ಹೊರಲಾರದ ಭಾರ ಪಿನ್ನಿನ ತಲೆಗೆ ಬರುತ್ತದೆ. ಆಮೇಲೆ ಎಷ್ಟು ಒಳ್ಳೆಯ ಪಿನ್ ಹಾಕಿದರೂ ಅದು ತುಂಡಾಗುತ್ತದೆ, ಇಲ್ಲವೇ ಜಾರಿ ಹೊರಬರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಸುತ್ತಿಗೆಗಿಂತ ಹೆಚ್ಚು ಹೊತ್ತು ವೈರ್ ಬ್ರಷ್ ಕೈಯಲ್ಲಿರಬೇಕು.

ಯಾವಾಗ ಬದಲಿಸಬೇಕು

ಹಲ್ಲು ಎರಕದ ಮಿಶ್ರಲೋಹದ ಉಕ್ಕು. ಸಾಮಾನ್ಯವಾಗಿ ಅದರ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 47ರಿಂದ 52ರ ಆಸುಪಾಸು. ಅಡಾಪ್ಟರ್ ಅದಕ್ಕಿಂತ ಮೆದು, ಆದರೆ ಹೆಚ್ಚು ತಾಳಿಕೆಯದು. ಹಲ್ಲು ಸವೆಯಲಿ, ಅಡಾಪ್ಟರ್ ಉಳಿಯಲಿ ಎಂಬುದೇ ಇದರ ಲೆಕ್ಕ. ಹಲ್ಲಿನ ಗೋಡೆ ತೆಳುವಾಗಿ ತೂತು ಕಾಣಿಸಿಕೊಂಡು ಅದರೊಳಗಿಂದ ಮೂತಿ ಇಣುಕಿದರೆ ಆ ಲೆಕ್ಕ ತಪ್ಪಿದಂತೆ. ಅಲ್ಲಿಂದ ಮುಂದೆ ಅಗೆದ ಒಂದೊಂದು ಗಂಟೆಯೂ ಅಡಾಪ್ಟರನ್ನೇ ತಿನ್ನುತ್ತದೆ, ಅದನ್ನು ಬದಲಿಸಬೇಕಾದರೆ ವೆಲ್ಡಿಂಗ್ ಕೆಲಸ. ಹಲ್ಲಿನ ಉದ್ದ ಹೊಸದರ ಅರ್ಧದಷ್ಟಕ್ಕೆ ಇಳಿಯುವ ಹೊತ್ತಿಗೆ ಹೊಸ ಸೆಟ್ ಕೈಯಲ್ಲಿರಬೇಕು. ಮೊಂಡಾದ ಹಲ್ಲು ನೆಲಕ್ಕೆ ಇಳಿಯುವುದಿಲ್ಲ. ಆಪರೇಟರ್ ಬಲ ಹಾಕುತ್ತಾನೆ, ಡೀಸೆಲ್ ಸುಡುತ್ತದೆ, ಬಕೆಟ್ ಕೀಲುಗಳ ಪಿನ್, ಬುಷ್‌ಗಳೂ ಜೊತೆಗೆ ಸವೆಯುತ್ತವೆ.

ಎಲ್ಲ ಹಲ್ಲೂ ಒಂದೇ ಸಮ ಸವೆಯುವುದಿಲ್ಲ. ಎರಡು ತುದಿಯ ಮೂಲೆ ಹಲ್ಲುಗಳು ಬೇಗ ತೀರುತ್ತವೆ, ಮಣ್ಣನ್ನು ಮೊದಲು ಬಿಡಿಸುವುದು ಅವೇ. ಅದಕ್ಕಾಗಿ ಅರ್ಧ ಆಯುಷ್ಯಕ್ಕೆ ಮೂಲೆಯವನ್ನು ಮಧ್ಯಕ್ಕೂ ಮಧ್ಯದವನ್ನು ಮೂಲೆಗೂ ಅದಲುಬದಲು ಮಾಡಿದರೆ ಪೂರ್ತಿ ಸೆಟ್ ಒಟ್ಟಿಗೆ ಮುಗಿಯುತ್ತದೆ. ಹಲ್ಲಿನ ಮೇಲೂ ಕೆಳಗೂ ಒಂದೇ ಆಕಾರವಿದ್ದರೆ ಅದನ್ನು ಬುಡಮೇಲು ಮಾಡಿಯೂ ಹಾಕಬಹುದು. ಕೆಳಗಿನ ಮುಖ ಹೆಚ್ಚು ಸವೆಯುವುದರಿಂದ ತಿರುಗಿಸಿದ ಹಲ್ಲು ತಾನಾಗಿ ಮತ್ತೆ ಚೂಪಾಗುತ್ತದೆ. ಮಾಡಬಾರದ ಕೆಲಸವೊಂದಿದೆ: ಸವೆದ ನಾಲ್ಕರ ನಡುವೆ ಹೊಸದೊಂದನ್ನು ಹಾಕಿ ಬಿಡುವುದು. ಉದ್ದವಾಗಿ ಮುಂದೆ ಚಾಚಿದ ಆ ಒಂದೇ ಹಲ್ಲು ಇಡೀ ಬಕೆಟ್ಟಿನ ಪೆಟ್ಟನ್ನು ಮೊದಲು ತಿನ್ನುತ್ತದೆ.

ಬೇಕಾಗುವ ಸಾಮಾನು

20 ಟನ್ ಆಸುಪಾಸಿನ ಯಂತ್ರದ ಬಕೆಟ್‌ನಲ್ಲಿ ಸಾಮಾನ್ಯವಾಗಿ 5 ಹಲ್ಲು. ಒಂದೊಂದು ಹಲ್ಲು ಮಾದರಿಗೆ ತಕ್ಕಂತೆ 5ರಿಂದ 9 ಕೆಜಿ ತೂಗುತ್ತದೆ, ಕಾಲಿನ ಮೇಲೆ ಬಿದ್ದರೆ ಬೆರಳು ಉಳಿಯುವುದಿಲ್ಲ. ಹಲ್ಲು 5 ಎಂದರೆ ಹೊಸ ಪಿನ್ 5, ಹೊಸ ಲಾಕ್ (ಪಿನ್ನನ್ನು ಹಿಡಿದಿಡುವ ರಿಂಗ್ ಅಥವಾ ರಬ್ಬರ್) 5. ಅದರ ಮೇಲೆ ಒಂದೊಂದು ಹೆಚ್ಚುವರಿ ಇಟ್ಟುಕೊಳ್ಳಿ, ಹೊಡೆಯುವಾಗ ಒಂದು ರಿಂಗ್ ಪುಡಿಯಾಗುವುದು ಮಾಮೂಲು. ಹಳೆಯ ಪಿನ್ ನೇರವಾಗಿ ಕಂಡರೂ ಅದರ ತೋಡು ಸವೆದಿರುತ್ತದೆ, ರಬ್ಬರ್ ಲಾಕ್ ಚಪ್ಪಟೆಯಾಗಿ ಸೆಡೆತ ಕಳೆದುಕೊಂಡಿರುತ್ತದೆ. ಹಳೆಯ ಪಿನ್ ಹಾಕಿ ಉಳಿಸುವುದು ಒಂದು ಹಲ್ಲಿನ ಬೆಲೆಯ ಎದುರು ಏನೇನೂ ಅಲ್ಲ.

ಸುತ್ತಿಗೆ 2ರಿಂದ 4 ಕೆಜಿಯದು ಸಾಕು. ಪಿನ್ನಿಗಿಂತ 2–3 ಮಿಮೀ ಸಣಕಲಾದ ಉದ್ದನೆಯ ಡ್ರಿಫ್ಟ್ (ಪಿನ್ನಿನ ಮೇಲಿಟ್ಟು ಹೊಡೆಯುವ ಉಕ್ಕಿನ ಸರಳು) ಒಂದು ಬೇಕು, ಅದನ್ನು ಹಿಡಿಯಲು ಉದ್ದ ಹಿಡಿಯ ಇಕ್ಕಳ. ಇವುಗಳ ಜೊತೆ ವೈರ್ ಬ್ರಷ್, ಮೊನಚಾದ ಸ್ಕ್ರೇಪರ್, ಆಂಗಲ್ ಗ್ರೈಂಡರ್, ಬಕೆಟ್‌ಗೆ ಕೊಡಲು ಗಟ್ಟಿ ಮರದ ದಿಮ್ಮಿ, ಒಂದು ತುಂಡು ಸೀಮೆಸುಣ್ಣ. ಸೀಮೆಸುಣ್ಣ ಏಕೆಂದು ಮುಂದೆ ಹೇಳುತ್ತೇವೆ.

ಕಣ್ಣಿಗೆ ಬದಿ ಮುಚ್ಚುವ ಕನ್ನಡಕ ಕಡ್ಡಾಯ. ಗಡಸು ಪಿನ್ನಿಗೆ ಗಡಸು ಸುತ್ತಿಗೆ ಬಿದ್ದಾಗ ಸಿಡಿಯುವ ಚೂರು ಗುಂಡಿನಂತೆ ಹಾರುತ್ತದೆ. ಹೆಲ್ಮೆಟ್, ಕೈಗವಸು, ಗಟ್ಟಿ ಮುಂಭಾಗದ ಬೂಟು ಇರಲಿ. ಪಿನ್ ಹಾರಿ ಹೊರಬರುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು. ಡ್ರಿಫ್ಟನ್ನು ಬರಿಗೈಯಲ್ಲಿ ಹಿಡಿದವರಿಗೆ ಸುತ್ತಿಗೆ ತಪ್ಪಿ ಬಿದ್ದಾಗಷ್ಟೇ ಇಕ್ಕಳ ನೆನಪಾಗುತ್ತದೆ.

ಯಂತ್ರ ನಿಲ್ಲಿಸುವುದು

ಸಮತಟ್ಟು ನೆಲದ ಮೇಲೆ ಯಂತ್ರ ನಿಲ್ಲಿಸಿ. ಬಕೆಟ್ಟನ್ನು ಮಡಚಿ, ಹಲ್ಲುಗಳು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಚಾಚಿಕೊಂಡು ಸೊಂಟದ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಳಿಸಿ, ತಳಕ್ಕೆ ದಿಮ್ಮಿ ಕೊಟ್ಟು ಅದರ ಮೇಲೆ ಪೂರ್ತಿ ಕೂರಿಸಿ. ಹೈಡ್ರಾಲಿಕ್ ಮೇಲೆ ತೂಗಿಕೊಂಡಿರುವ ಬಕೆಟ್ ಕೆಳಗೆ ಕೈ ಹಾಕಬೇಡಿ. ಒಂದು ಹೋಸ್ ಒಡೆದರೆ ಅದು ಬೀಳಲು ಕ್ಷಣವೂ ಬೇಡ. ಎಂಜಿನ್ ಆರಿಸಿ, ಕೀ ಆನ್ ಸ್ಥಿತಿಯಲ್ಲಿಟ್ಟು ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ಒಮ್ಮೆ ಆಡಿಸಿ ಉಳಿದ ಒತ್ತಡ ಬಿಡಿ. ಆಮೇಲೆ ಸೇಫ್ಟಿ ಲಾಕ್ ಲಿವರ್ ಎಳೆದು, ಕೀ ತೆಗೆದು ಹಲ್ಲು ಬದಲಿಸುವವರೇ ಜೇಬಿಗೆ ಹಾಕಿಕೊಳ್ಳಿ.

ಹಳೆಯ ಹಲ್ಲು ತೆಗೆಯುವುದು

ಮೊದಲು ಲಾಕ್ ಯಾವ ಬಗೆಯದೆಂದು ನೋಡಿ. ಪಿನ್ ಹಲ್ಲಿನ ಪಕ್ಕದಿಂದ ಅಡ್ಡಲಾಗಿ ಹೋದರೆ ಸೈಡ್ ಪಿನ್. ಮೇಲಿನಿಂದ ಕೆಳಕ್ಕೆ ಹೋದರೆ ವರ್ಟಿಕಲ್ ಪಿನ್. ಕ್ಯಾಟರ್‌ಪಿಲ್ಲರ್ ಜೆ ಸೀರೀಸ್ ಮತ್ತು ಅದರ ಅಳತೆಗೆ ತಯಾರಾಗುವ ಹಲ್ಲುಗಳು ಸೈಡ್ ಪಿನ್ನಿನವು. ಅವುಗಳಲ್ಲಿ ಪಿನ್ನಿಗೆ ಒಂದು ತೋಡು ಇರುತ್ತದೆ, ಅಡಾಪ್ಟರಿನ ಒಂದು ಪಕ್ಕದ ತಗ್ಗಿನಲ್ಲಿ ಕೂತ ರಿಂಗ್ ಆ ತೋಡನ್ನು ಕಚ್ಚಿ ಹಿಡಿಯುತ್ತದೆ.

ಪಿನ್ ರಂಧ್ರದೊಳಗಿನ ಮಣ್ಣನ್ನು ಎರಡೂ ಕಡೆಯಿಂದ ಕೆದಕಿ ತೆಗೆಯಿರಿ. ಅದರ ನಂತರ ಹಲ್ಲಿನ ತುದಿಗೆ ಮೇಲಿನಿಂದ, ಕೆಳಗಿನಿಂದ ನಾಲ್ಕೈದು ಪೆಟ್ಟು ಹಾಕಿ. ಒಳಗೆ ಸಿಮೆಂಟಿನಂತೆ ಗಟ್ಟಿಯಾದ ನುಣ್ಣನೆ ಮಣ್ಣು ಬಿರುಕು ಬಿಟ್ಟರೆ ಪಿನ್ ಅರ್ಧ ಬಿಟ್ಟಂತೆ. ಈಗ ರಿಂಗ್ ಇರುವ ಕಡೆಯಿಂದ ಡ್ರಿಫ್ಟ್ ಇಟ್ಟು ಹೊಡೆಯಿರಿ, ಪಿನ್ ಎದುರು ಕಡೆಗೆ ಹೊರಬರುತ್ತದೆ. ರಿಂಗ್ ಯಾವ ಕಡೆ ಇದೆಯೆಂದು ತಿಳಿಯದಿದ್ದರೆ ಟಾರ್ಚ್ ಬಿಟ್ಟು ರಂಧ್ರದೊಳಗೆ ನೋಡಿ. ಉಲ್ಟಾ ಕಡೆಯಿಂದ ಬಡಿದು ಪಿನ್ನಿನ ತಲೆ ಅಣಬೆಯಂತೆ ಅರಳಿತೆಂದರೆ ಅದು ರಂಧ್ರದಲ್ಲೇ ಬಿಗಿದುಕೊಳ್ಳುತ್ತದೆ, ಆಗ ಗ್ರೈಂಡರ್ ಹಿಡಿದು ಆ ಅರಳಿದ ಭಾಗವನ್ನು ಸವರಿ ಹಾಕದೆ ಮುಂದಕ್ಕೆ ಹೋಗುವಂತಿಲ್ಲ.

ಏನು ಮಾಡಿದರೂ ಬಾರದ ಪಿನ್ ಇರುತ್ತದೆ. ಹಲ್ಲು ಹೇಗಿದ್ದರೂ ಗುಜರಿಗೆ ಹೋಗುವುದೇ, ಹಾಗಾಗಿ ಗ್ಯಾಸ್ ಕಟರ್ ಹಿಡಿಯಬೇಕಾಗಿ ಬಂದರೆ ಪಿನ್ ಹಾಯುವ ಹಲ್ಲಿನ ಕಿವಿಯ ಭಾಗವನ್ನು ಕತ್ತರಿಸಿ, ಜ್ವಾಲೆ ಮೂತಿಯ ಕಡೆಗೆ ತಿರುಗದಂತೆ ನೋಡಿಕೊಳ್ಳಿ. ಮೂತಿಗೆ ಬಿದ್ದ ಒಂದು ಗೀರು ಮುಂದೆ ಬಿರುಕಿನ ಬೇರಾಗುತ್ತದೆ. ರಬ್ಬರ್ ಲಾಕ್ ಇರುವ ಕಡೆ ಬೆಂಕಿ ಹಿಡಿದರೆ ಉಸಿರು ಕಟ್ಟಿಸುವ ಹೊಗೆ ಬರುತ್ತದೆ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಮೂತಿಯ ಪರೀಕ್ಷೆ: ಅವಸರ ಮಾಡಬಾರದ ಜಾಗ

ಹಲ್ಲು ಹೊರಬಂದ ಮೇಲೆ ಮೂತಿಯ ಎಲ್ಲ ಮುಖಗಳನ್ನೂ ಪಿನ್ ರಂಧ್ರವನ್ನೂ ರಿಂಗ್ ಕೂರುವ ತಗ್ಗನ್ನೂ ಲೋಹದ ಹೊಳಪು ಕಾಣುವವರೆಗೆ ಉಜ್ಜಿ. ಮೂಲೆಯಲ್ಲಿ ಉಳಿದ ಎರಡು ಮಿಲಿಮೀಟರ್ ಮಣ್ಣಿನ ಪದರ ಏನು ಮಾಡೀತು ಎನ್ನಬೇಡಿ. ಅದರ ಮೇಲೆ ಕೂತ ಹಲ್ಲು ಮೊದಲಿಗೆ ಬಿಗಿಯಾಗೇ ಇರುತ್ತದೆ, ಪಿನ್ನೂ ಕಷ್ಟಪಟ್ಟು ಒಳಹೋಗುತ್ತದೆ. ಅರ್ಧ ದಿನ ಅಗೆದಾಗ ಆ ಪದರ ಪುಡಿಯಾಗಿ ಉದುರುತ್ತದೆ, ಅಲ್ಲಿಗೆ ಹಲ್ಲು ಲೂಸ್. ಹೊಸ ಹಲ್ಲು ಮೊದಲ ದಿನವೇ ಬೀಳುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ.

ಉಜ್ಜಿದ ಮೇಲೆ ಬಿರುಕು ಹುಡುಕಿ. ಮೂತಿಯ ಬುಡ, ಪಿನ್ ರಂಧ್ರದ ಸುತ್ತ, ಅಡಾಪ್ಟರ್ ಬಕೆಟ್ ಅಂಚಿಗೆ ವೆಲ್ಡ್ ಆದ ಗೆರೆ, ಈ ಮೂರೇ ಜಾಗ. ಸಂದೇಹವಿದ್ದರೆ ಬಿರುಕಿಗೆ ಇಳಿದು ಅದನ್ನು ಬಣ್ಣದಲ್ಲಿ ತೋರಿಸುವ ಡೈ ಪೆನಿಟ್ರಂಟ್ ಸ್ಪ್ರೇ ಹೊಡೆದು ನೋಡಿ. ಪಿನ್ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಪಿನ್ ಭಾರ ಹೊರುತ್ತಿತ್ತು ಎಂದೇ ಅರ್ಥ.

ಈಗ ಸೀಮೆಸುಣ್ಣ. ಒಣಗಿದ ಮೂತಿಯ ಎಲ್ಲ ಮುಖಗಳಿಗೂ ಅದನ್ನು ಬಳಿದು, ಪಿನ್ ಇಲ್ಲದೆ ಹೊಸ ಹಲ್ಲನ್ನು ತೊಡಿಸಿ. ಹಲ್ಲಿನ ತುದಿಗೆ ಮರದ ತುಂಡಿಟ್ಟು ಎರಡು ಪೆಟ್ಟು ಹಾಕಿ, ಅದನ್ನು ಮೇಲೆ ಕೆಳಗೆ ಅಲ್ಲಾಡಿಸಿ, ತೆಗೆಯಿರಿ. ಸುಣ್ಣ ಅಳಿಸಿದ ಜಾಗವೇ ಹಲ್ಲು ತಾಗುತ್ತಿರುವ ಜಾಗ. ಮೂತಿಯ ಮುಂದಿನ ಚಪ್ಪಟೆ ಮುಖ ಮತ್ತು ಮೇಲೆ ಕೆಳಗಿನ ಮುಖಗಳ ಮೇಲೆ ಅಗಲವಾಗಿ ಅಳಿಸಿದ್ದರೆ ಚಿಂತೆಯಿಲ್ಲ. ಒಂದೇ ಮೂಲೆಯಲ್ಲಿ ಚುಕ್ಕೆಯಂತೆ ಅಳಿಸಿ ಉಳಿದೆಡೆ ಸುಣ್ಣ ಹಾಗೇ ಇದ್ದರೆ, ಒಂದೋ ಅಲ್ಲಿ ಕಸ ಅಥವಾ ವೆಲ್ಡಿಂಗ್ ಹನಿ ಅಂಟಿದೆ, ಇಲ್ಲವೇ ಮೂತಿ ಸವೆದಿದೆ, ಅದೂ ಅಲ್ಲದಿದ್ದರೆ ಹಲ್ಲೇ ಬೇರೆ ಅಳತೆಯದು.

ಕೊನೆಯದನ್ನು ಲಘುವಾಗಿ ಎಣಿಸಬೇಡಿ. ಜೆ250, ಜೆ300, ಜೆ350 ಹೀಗೆ ಒಂದೊಂದು ಅಳತೆಗೂ ಬೇರೆಯೇ ಮೂತಿ. ಒಂದೇ ನಂಬರು ಹೊತ್ತ ಹಲ್ಲುಗಳಲ್ಲೂ ಎರಕದ ಗುಣಮಟ್ಟಕ್ಕೆ ತಕ್ಕಂತೆ ಒಳಗಿನ ಅಳತೆ ಹೆಚ್ಚುಕಡಿಮೆ ಇರುತ್ತದೆ. ಹಳೆಯ ಹಲ್ಲಿನ ಮೇಲಿನ ನಂಬರು ಸವೆದು ಹೋಗಿದ್ದರೆ ಅಂದಾಜಿನಲ್ಲಿ ತರಿಸಬೇಡಿ, ಅಡಾಪ್ಟರಿನ ಮೇಲೆ ಎರಕದಲ್ಲೇ ಮೂಡಿದ ನಂಬರು ನೋಡಿ.

ಕೈಯಲ್ಲಿ ಎತ್ತಿ ಇಳಿಸಿದಾಗ ಹಲ್ಲಿನ ತುದಿ ತುಸು ಅಲ್ಲಾಡುವುದು ಎಷ್ಟೋ ಮಾದರಿಗಳಲ್ಲಿ ಸಹಜ. ಆದರೆ ಹೊಸ ಹಲ್ಲು ಡಬ್ಬದಂತೆ ಕಟಕಟ ಸದ್ದು ಮಾಡಿದರೆ, ಅಥವಾ ಹಿಂದಕ್ಕೆ ಜಾಸ್ತಿ ಸರಿದು ರಂಧ್ರಗಳು ಒಂದಕ್ಕೊಂದು ಕೂಡದಿದ್ದರೆ ಮೂತಿಯ ಕಥೆ ಮುಗಿದಿದೆ. ಆಗ ಮೂತಿಗೆ ವೆಲ್ಡಿಂಗ್ ತುಂಬಿ ಗೇಜ್ ಹಿಡಿದು ಆಕಾರಕ್ಕೆ ತರಬೇಕು, ಇಲ್ಲವೇ ಅಡಾಪ್ಟರನ್ನೇ ಬದಲಿಸಬೇಕು. ಸಂದಿಗೆ ತಗಡು ತುರುಕುವುದು, ವೆಲ್ಡಿಂಗ್ ರಾಡಿನ ತುಂಡು ಸಿಕ್ಕಿಸುವುದು, ಪಿನ್ನಿನ ಜಾಗಕ್ಕೆ ಬೋಲ್ಟ್ ಅಥವಾ ಕಬ್ಬಿಣದ ಸರಳು ಹೊಡೆಯುವುದು, ಇವೆಲ್ಲ ಸಂಜೆಯವರೆಗೆ ದೂಡುವ ಉಪಾಯಗಳು. ಮೆದು ಸರಳು ಬಾಗಿ ರಂಧ್ರದೊಳಗೆ ಸಿಕ್ಕಿಕೊಂಡರೆ ಮುಂದಿನ ಸಲ ಅದನ್ನು ತೆಗೆಯುವುದೇ ಒಂದು ದಿನದ ಕೆಲಸ.

ಸೈಡ್ ಪಿನ್ ಹಲ್ಲು ಕೂರಿಸುವ ಕ್ರಮ

1. ಅಡಾಪ್ಟರಿನ ಪಕ್ಕದ ತಗ್ಗಿನಲ್ಲಿ ಹೊಸ ರಿಂಗ್ ಇಡಿ. ಅದರ ಮೇಲೆ ಹೊರಮುಖದ ಗುರುತಿದ್ದರೆ ಅದು ಹೊರಗೇ ಬರಬೇಕು. ರಿಂಗ್ ಅಡಾಪ್ಟರಿನ ಮೈಗಿಂತ ಉಬ್ಬಿ ನಿಂತರೆ ತಗ್ಗಿನಲ್ಲಿ ಇನ್ನೂ ಕಸವಿದೆ. ಬೀಳದಂತೆ ಹಿಂದೆ ಒಂದು ಹನಿ ಸಿಲಿಕಾನ್ ಸೀಲಂಟ್ ಹಚ್ಚಬಹುದು, ಅದು ದೂಳನ್ನೂ ತಡೆಯುತ್ತದೆ. ಮೂತಿಗೆ ಮಾತ್ರ ಗ್ರೀಸ್ ಬೇಡ. ಗ್ರೀಸ್ ಮರಳನ್ನು ಹಿಡಿದಿಟ್ಟುಕೊಂಡು ಸಾಣೆಯ ಪೇಸ್ಟ್ ಆಗುತ್ತದೆ.

2. ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮೂತಿಗೆ ತೊಡಿಸಿ, ಸ್ವಲ್ಪ ಆಚೀಚೆ ತಿರುಗಿಸುತ್ತಾ ಪೂರ್ತಿ ಹಿಂದಕ್ಕೆ ತಳ್ಳಿ. ಹೀಗೆ ತಳ್ಳುವಾಗ ರಿಂಗ್ ಜಾಗ ಬಿಟ್ಟು ಸರಿಯುವುದುಂಟು. ಪಿನ್ ರಂಧ್ರದ ಮೂಲಕ ನೋಡಿ, ಹಲ್ಲಿನ ತೂತು, ರಿಂಗ್, ಅಡಾಪ್ಟರಿನ ತೂತು ಒಂದೇ ಗೆರೆಯಲ್ಲಿ ಬೆಳಕು ಬಿಡಬೇಕು. ರಂಧ್ರದಲ್ಲಿ ಬೆರಳು ಹಾಕಿ ನೋಡಬೇಡಿ, ಹಲ್ಲು ಜಾರಿದರೆ ಕತ್ತರಿಯಂತೆ ಕತ್ತರಿಸುತ್ತದೆ.

3. ರಿಂಗ್ ಇರುವ ಕಡೆಯ ಎದುರಿನಿಂದ ಪಿನ್ ಹಾಕಿ, ತೋಡು ಇರುವ ತುದಿ ರಿಂಗಿನ ಕಡೆಗೆ ಹೋಗುವಂತೆ. ಯಂತ್ರದ ಕೈಪಿಡಿ ಬೇರೆ ದಿಕ್ಕು ಹೇಳಿದ್ದರೆ ಅದನ್ನೇ ಅನುಸರಿಸಿ. ಮೊದಲ ಅರ್ಧ ಭಾಗ ಕೈಯಿಂದಲೋ ಹಗುರ ಪೆಟ್ಟಿನಿಂದಲೋ ಹೋಗಬೇಕು. ಆರಂಭದಲ್ಲೇ ಪಿನ್ ಬಿಗಿಹಿಡಿದರೆ ನಿಲ್ಲಿಸಿ, ತೆಗೆದು ನೋಡಿ. ಅಲ್ಲಿ ಬಲ ಹಾಕಿದರೆ ರಿಂಗ್ ಪುಡಿಯಾಗುವುದೇ ಹೆಚ್ಚು, ಹೊರಗಿನಿಂದ ಅದು ಕಾಣುವುದೂ ಇಲ್ಲ.

4. ಪಿನ್ನಿನ ತಲೆ ಹಲ್ಲಿನ ಮೈಗೆ ಸಮವಾದ ಮೇಲೆ ಡ್ರಿಫ್ಟ್ ಇಟ್ಟು ಇನ್ನಷ್ಟು ಒಳಕ್ಕೆ ಹೊಡೆಯಿರಿ. ರಿಂಗ್ ತೋಡಿಗೆ ಬಿದ್ದಾಗ ಸದ್ದು ಬದಲಾಗುತ್ತದೆ: ಅಲ್ಲಿಯವರೆಗಿನ ಮಂದ ಸದ್ದು ಹೋಗಿ ಗಟ್ಟಿ ಕಬ್ಬಿಣದ ಸದ್ದು ಬರುತ್ತದೆ, ಪಿನ್ ಒಮ್ಮೆಗೆ ತುಸು ಒಳಕ್ಕೆ ಜಾರಿ ನಿಲ್ಲುತ್ತದೆ. ಆಮೇಲೆ ಹೊಡೆಯುವುದನ್ನು ನಿಲ್ಲಿಸಿ. ಅತಿ ಹೊಡೆದರೆ ತೋಡು ರಿಂಗನ್ನು ದಾಟಿ ಆಚೆ ಹೋಗುತ್ತದೆ.

5. ಪಿನ್ನಿನ ಎರಡೂ ತುದಿ ಹಲ್ಲಿನ ಹೊರಮೈಗಿಂತ ಒಳಗೆ, ಹೆಚ್ಚುಕಡಿಮೆ ಸಮ ಆಳದಲ್ಲಿರಬೇಕು. ಹೊರಚಾಚಿದ ತುದಿಗೆ ಕಲ್ಲು ತಾಗಿ ಪಿನ್ ಹಿಂದಕ್ಕೆ ಬರುತ್ತದೆ. ಕೊನೆಗೆ ಎದುರು ಕಡೆಯಿಂದ ಸಣ್ಣ ಸುತ್ತಿಗೆಯಲ್ಲಿ ಹಗುರವಾಗಿ ಎರಡು ಸಲ ತಟ್ಟಿ, ಪಿನ್ ಕದಲಬಾರದು.

ಬೇರೆ ಬಗೆಯ ಲಾಕ್‌ಗಳು

ವರ್ಟಿಕಲ್ ಪಿನ್ನಿನಲ್ಲಿ ಮೊದಲು ರಬ್ಬರ್ ಲಾಕನ್ನು ಅಡಾಪ್ಟರಿನ ಗುಳಿಯಲ್ಲಿ ಕೂರಿಸಿ, ಹಲ್ಲು ತೊಡಿಸಿ, ಮೇಲಿನಿಂದ ಪಿನ್ ಇಳಿಸಬೇಕು. ಪಿನ್ನಿನ ಕಚ್ಚು ರಬ್ಬರಿನ ಕಡೆಗೆ ಮುಖ ಮಾಡಿರಲಿ. ತಿರುಗಮುರುಗ ಹಾಕಿದರೂ ಪಿನ್ ಒಳಹೋಗಿಬಿಡುತ್ತದೆ, ಆದರೆ ಲಾಕ್ ಆಗಿರುವುದಿಲ್ಲ. ಎರಡು ಉಕ್ಕಿನ ಸೀಳುಗಳ ನಡುವೆ ರಬ್ಬರ್ ಬೆಸೆದ ಫ್ಲೆಕ್ಸ್ ಪಿನ್ ಕೂಡ ಉಂಟು, ಅದನ್ನು ಒಮ್ಮೆ ತೆಗೆದರೆ ಮತ್ತೆ ಬಳಸುವಂತಿಲ್ಲ. ಸುತ್ತಿಗೆಯೇ ಬೇಡದ ಹೊಸ ಮಾದರಿಗಳಲ್ಲಿ ಚೌಕ ರಂಧ್ರದ ಲಾಕನ್ನು ರ‍್ಯಾಚೆಟ್ ಹಾಕಿ ತಿರುಗಿಸಿದರೆ ಸಾಕು. ಅಲ್ಲಿ ಇಂಪ್ಯಾಕ್ಟ್ ಗನ್ ಹಿಡಿಯಬೇಡಿ, ಲಾಕಿನ ಕ್ಯಾಮ್ ಮುರಿಯುತ್ತದೆ. ಚೌಕ ರಂಧ್ರದಲ್ಲಿ ಮಣ್ಣು ತುಂಬದಂತೆ ಮುಚ್ಚಳ ಹಾಕಿಡಿ.

ಬೋಲ್ಟ್ ಹಾಕುವ ಹಲ್ಲು ಮತ್ತು ಬಕೆಟ್ಟಿನ ಪಕ್ಕದ ಅಂಚಿಗೆ ಕೂರುವ ಸೈಡ್ ಕಟರ್‌ಗಳ ಕಥೆ ಬೇರೆ. ಅಲ್ಲಿ ಹಿಡಿತ ಪೂರ್ತಿ ಬೋಲ್ಟಿನ ಬಿಗಿತದ್ದೇ. ಕೈಪಿಡಿಯಲ್ಲಿ ಟಾರ್ಕ್ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ 10.9 ದರ್ಜೆಯ ಬೋಲ್ಟಿಗೆ ಎಂ16ಕ್ಕೆ ಸುಮಾರು 300, ಎಂ20ಕ್ಕೆ 580, ಎಂ24ಕ್ಕೆ 1000 ನ್ಯೂಟನ್ ಮೀಟರ್ ಅಂದಾಜಿನ ಮಿತಿ. 8.8 ದರ್ಜೆಯ ಬೋಲ್ಟಿಗೆ ಈ ಬಲ ಹಾಕಿದರೆ ಅದು ಎಳೆದು ತುಂಡಾಗುತ್ತದೆ. ಬೋಲ್ಟ್ ತಲೆಯ ಕೆಳಗಿನ ಬಣ್ಣ, ತುಕ್ಕು ಕೆರೆದು ತೆಗೆಯಿರಿ, ಬಣ್ಣದ ಪದರ ಸವೆದರೆ ಬಿಗಿತ ಹೋಯಿತೆಂದೇ ಲೆಕ್ಕ. ನಾಲ್ಕೈದು ಗಂಟೆ ಅಗೆದ ಮೇಲೆ ಮತ್ತೊಮ್ಮೆ ಬಿಗಿ ನೋಡಲೇಬೇಕು.

ಅಡಾಪ್ಟರ್ ಬದಲಿಸಬೇಕಾಗಿ ಬಂದರೆ

ಹಲ್ಲಿಗೆ ವೆಲ್ಡಿಂಗ್ ಬೇಡವೇ ಬೇಡ. ಶಾಖ ತಾಗಿದ ಜಾಗದಲ್ಲಿ ಹದ ಕೆಟ್ಟು, ಅದರ ಪಕ್ಕದ ಗೆರೆಯಲ್ಲೇ ಹಲ್ಲು ಗಾಜಿನಂತೆ ಒಡೆಯುತ್ತದೆ. ಹಲ್ಲನ್ನು ಅಡಾಪ್ಟರಿಗೆ ಟ್ಯಾಕ್ (ಚುಕ್ಕೆ ವೆಲ್ಡ್) ಹೊಡೆದು ನಿಲ್ಲಿಸುವವರು ಎರಡನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಅಡಾಪ್ಟರನ್ನು ಮಾತ್ರ ವೆಲ್ಡ್ ಮಾಡಬಹುದು, ಕ್ರಮ ಗೊತ್ತಿರುವ ವೆಲ್ಡರ್ ಮಾಡಬೇಕು. ಬ್ಯಾಟರಿ ಕೇಬಲ್ ಬಿಚ್ಚಿ. ಅರ್ತ್ ಕ್ಲ್ಯಾಂಪ್ ಬಕೆಟ್ ಮೇಲೆಯೇ ಇರಲಿ, ಯಂತ್ರದ ಚೌಕಟ್ಟಿಗೆ ಕೊಟ್ಟರೆ ಕರೆಂಟು ಕೀಲುಗಳ ಪಿನ್, ಬುಷ್‌ಗಳ ಮೂಲಕ ಹರಿದು ಅವುಗಳಲ್ಲಿ ಗುಳಿ ಬೀಳಿಸುತ್ತದೆ. ಅಡಾಪ್ಟರ್ ಮತ್ತು ಬಕೆಟ್ ಅಂಚಿನ ಪ್ಲೇಟ್ ಎರಡನ್ನೂ 150ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮೇಲ್ಮೈ ಅಷ್ಟೇ ಅಲ್ಲ, ದಪ್ಪದ ಒಳಗೂ ಶಾಖ ಇಳಿಯಬೇಕು. ಗೊತ್ತಾದ ಶಾಖಕ್ಕೆ ಕರಗುವ ಟೆಂಪರೇಚರ್ ಚಾಕ್ ಹಿಡಿದು ಅಳೆಯಿರಿ. ಇ7018 ಲೋ ಹೈಡ್ರೋಜನ್ ವೆಲ್ಡಿಂಗ್ ರಾಡ್ ಒಣಗಿದ್ದಿರಬೇಕು, ಡಬ್ಬ ತೆರೆದಿಟ್ಟು ತೇವ ಕುಡಿದ ರಾಡ್ ಬಳಸಿದರೆ ಕೆಲವು ಗಂಟೆಗಳ ನಂತರ ವೆಲ್ಡಿನ ಅಡಿಯಲ್ಲಿ ಬಿರುಕು ಬಿಡುತ್ತದೆ. ಸಣ್ಣ ಸಣ್ಣ ಪಾಸ್‌ಗಳಲ್ಲಿ, ಎಡಬಲ ಅದಲುಬದಲಾಗಿ ತುಂಬಿ, ಪ್ರತಿ ಪಾಸಿಗೂ ಸ್ಲ್ಯಾಗ್ ಬಡಿದು ತೆಗೆಯಿರಿ. ಬಕೆಟ್ ಅಂಚಿನ ಮುಂತುದಿಗೆ ಅಡ್ಡಲಾಗಿ ವೆಲ್ಡ್ ಎಳೆಯಬೇಡಿ, ಬಿರುಕು ಅಲ್ಲಿಂದಲೇ ಪ್ಲೇಟಿನೊಳಗೆ ಹೊರಡುತ್ತದೆ. ಮುಗಿದ ಮೇಲೆ ಶಾಖ ತಡೆಯುವ ಹೊದಿಕೆ ಮುಚ್ಚಿ ನಿಧಾನ ಆರಲು ಬಿಡಿ. ನೀರು ಸುರಿದು ಆರಿಸಿದರೆ ಮಾಡಿದ್ದೆಲ್ಲ ವ್ಯರ್ಥ.

ಹಾಕಿದ ಮೇಲೆ

ಮೊದಲ ಒಂದೆರಡು ಗಂಟೆ ಅಗೆದು ಯಂತ್ರ ನಿಲ್ಲಿಸಿ ಎಲ್ಲ ಪಿನ್ ನೋಡಿ. ಹಲ್ಲು ಮೂತಿಯ ಮೇಲೆ ಇನ್ನಷ್ಟು ಹಿಂದೆ ಕೂತಿರುತ್ತದೆ, ಪಿನ್ ಜಾಗ ಬದಲಿಸಿದ್ದರೆ ಆಗಲೇ ತಿಳಿಯುತ್ತದೆ. ಆಮೇಲೆ ದಿನವೂ ಕೆಲಸ ಶುರು ಮಾಡುವ ಮೊದಲು ಒಂದು ಸುತ್ತು: ಹಲ್ಲುಗಳನ್ನು ಎಣಿಸಿ, ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ. ಬಕೆಟ್ಟನ್ನು ಸುತ್ತಿಗೆಯಂತೆ ಬಂಡೆಗೆ ಬಡಿಯುವ, ಹಲ್ಲು ನೆಲದಲ್ಲಿ ಊರಿಕೊಂಡಿರುವಾಗಲೇ ಯಂತ್ರ ತಿರುಗಿಸಿ ಪಕ್ಕಕ್ಕೆ ಗುಡಿಸುವ ಆಪರೇಟರ್ ಇದ್ದರೆ ಯಾವ ಲಾಕೂ ಹೆಚ್ಚು ದಿನ ಬಾಳುವುದಿಲ್ಲ. ಪಕ್ಕದಿಂದ ಬೀಳುವ ಬಲಕ್ಕೆ ಮೂತಿ ಅತ್ಯಂತ ದುರ್ಬಲ.

ಕ್ರಷರ್‌ಗೆ ಕಲ್ಲು ತುಂಬುವ ಕಡೆ ಎಣಿಕೆಯನ್ನು ದಿನಕ್ಕೊಮ್ಮೆಗೆ ಬಿಡದೆ ಪ್ರತಿ ವಿರಾಮದಲ್ಲೂ ಮಾಡಿ. ಒಂದು ಹಲ್ಲು ಕಡಿಮೆ ಕಂಡರೆ ತಕ್ಷಣ ಕ್ರಷರ್ ಫೀಡ್ ನಿಲ್ಲಿಸಲು ಹೇಳಿ, ಕೊನೆಯ ಎಣಿಕೆಯ ನಂತರ ತುಂಬಿ ಹೋದ ಲಾರಿಗಳನ್ನು ತಡೆದು ನೆಲದ ಮೇಲೆ ಸುರಿಸಿ ಹುಡುಕಿ. ಕ್ರಷರಿನ ದವಡೆಗಳ ನಡುವೆ ಸಿಕ್ಕ ಹಲ್ಲು ಕಲ್ಲಿನಂತೆ ಒಡೆಯುವುದಿಲ್ಲ, ದವಡೆಯೇ ಒಡೆಯುತ್ತದೆ. ಸಿಕ್ಕಿಕೊಂಡದ್ದನ್ನು ಗ್ಯಾಸ್ ಕಟರಿನಿಂದ ಬಿಡಿಸಲು ಹೋದಾಗ ಒತ್ತಡದಲ್ಲಿರುವ ಆ ಉಕ್ಕು ಒಮ್ಮೆಲೇ ಹೊರಕ್ಕೆ ಸಿಡಿಯಬಹುದು, ಆದ್ದರಿಂದ ಅದನ್ನು ಕ್ರಷರಿನವರೇ ಅವರ ಕ್ರಮದಲ್ಲಿ ತೆಗೆಯಲಿ. ಕಳೆದ ಹಲ್ಲು ಸಿಗುವವರೆಗೆ ಬರಿ ಮೂತಿಯಲ್ಲಿ ಅಗೆಯಬೇಡಿ. ಬೇರೆ ಹಲ್ಲು ಇಲ್ಲದಿದ್ದರೆ ಯಂತ್ರ ನಿಂತಿರಲಿ.